ತಗಚೆಯ ಜೊತೆ ಬೆರೆಯುವ ವಿಷ

ನಾಯಿ-ಬೆಕ್ಕುಗಳ ಡಬ್ಬಿ ಆಹಾರದಲ್ಲಿ ಗ್ರೇವಿ ಮಂದವಾಗಲು, ಜೆಲ್ಲಿ ಗಟ್ಟಿಯಾಗಲು ಬಳಕೆಯಾಗುವುದು ಹೆಚ್ಚಾಗಿ ಸಸ್ಯಜನ್ಯ ಅಂಟು. ಗೋರಿಕಾಯಿ ಬೀಜದ ಗ್ವಾರ್ ಗಮ್, ಕೆಂಪು ಕಡಲಪಾಚಿಯ ಕ್ಯಾರಗೀನನ್‌ಗಳ ಸಾಲಿನಲ್ಲೇ ಇದೆ ಕ್ಯಾಸಿಯಾ ಗಮ್. ಮಳೆಗಾಲದಲ್ಲಿ ನಮ್ಮ ಬೇಲಿ ಬದಿಯಲ್ಲಿ, ಪಾಳು ಜಮೀನಿನಲ್ಲಿ ತಾನಾಗಿ ಹುಟ್ಟುವ ತಗಚೆಯ ಬೀಜವೇ ಇದರ ಮೂಲ. ಈ ಬೀಜ ಮತ್ತು ಗಮ್ ಭಾರತದಿಂದ ರಫ್ತಾಗುತ್ತವೆ.

ಚೆನ್ನಾಗಿ ಶುದ್ಧೀಕರಿಸಿದ ಕ್ಯಾಸಿಯಾ ಗಮ್ ವಿಷವಲ್ಲ. ಅಪಾಯ ಇರುವುದು ಬೀಜದ ರಾಶಿಯಲ್ಲಿ. ತಗಚೆ ಬೆಳೆಯುವ ಕಡೆಯಲ್ಲೇ ಅದರ ದಾಯಾದಿ ದೊಡ್ಡ ತಗಚೆ, ಅಂದರೆ ಕ್ಯಾಸಿಯಾ ಆಕ್ಸಿಡೆಂಟಾಲಿಸ್, ಕೂಡ ಬೆಳೆಯುವುದರಿಂದ ಎರಡರ ಬೀಜವೂ ಬೆರೆಯಬಹುದು. ದೊಡ್ಡ ತಗಚೆಯ ಬೀಜ ತಿಂದ ದನ, ಕುದುರೆ, ಹಂದಿಗಳಲ್ಲಿ ಸ್ನಾಯುಗಳು ನಶಿಸುತ್ತವೆ, ಯಕೃತ್ತು ಕೆಡುತ್ತದೆ, ಮೂತ್ರ ಕಂದುಬಣ್ಣಕ್ಕೆ ತಿರುಗುತ್ತದೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಕ್ಕಳ ಸರಣಿ ಸಾವಿಗೂ ಈ ಗಿಡಕ್ಕೂ ನಂಟಿದೆ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಯುರೋಪ್ ಒಕ್ಕೂಟದ ನಿಯಮದ ಪ್ರಕಾರ, ಮನುಷ್ಯರ ಆಹಾರಕ್ಕೆ ಬಳಸುವ ಕ್ಯಾಸಿಯಾ ಗಮ್‌ನ ಬೀಜರಾಶಿಯಲ್ಲಿ ದೊಡ್ಡ ತಗಚೆಯ ಪಾಲು ಶೇ 0.05ಕ್ಕಿಂತ ಕಡಿಮೆ ಇರಬೇಕು. ಗಮ್‌ನಲ್ಲಿ ಆಂಥ್ರಾಕ್ವಿನೋನ್ ಎಂಬ ರಾಸಾಯನಿಕಗಳು ಕಿಲೋಗೆ 0.5 ಮಿಲಿಗ್ರಾಂ ಮೀರಬಾರದು. ಗಿಡದಲ್ಲಿ ಕಾಯಿ ನೋಡಿ ಎರಡು ತಗಚೆಗಳನ್ನೂ ಬೇರ್ಪಡಿಸಬಹುದು. ತಗಚೆಯದು ತೆಳ್ಳಗೆ ಉದ್ದ, ದೊಡ್ಡ ತಗಚೆಯದು ಚಪ್ಪಟೆ. ಬೀಜ ಒಡೆದು ಪುಡಿಯಾದ ಮೇಲೆ ಕಣ್ಣಿಗೆ ಯಾವ ಗುರುತೂ ಸಿಗದು.

ಪದಾರ್ಥವೊಂದನ್ನು ಮೂಲದಲ್ಲೇ ಪರೀಕ್ಷಿಸದಿದ್ದರೆ ಏನಾಗುತ್ತದೆಂದು 2007ರ ಮಾರ್ಚ್‌ನಲ್ಲಿ ಅಮೆರಿಕ ಕಂಡಿತು. ಗ್ರೇವಿ ಆಹಾರಕ್ಕೆಂದು ಚೀನಾದಿಂದ ಬಂದ, ಗೋಧಿಯ ಪ್ರೋಟೀನ್ ಆದ ಗ್ಲುಟೆನ್‌ನಲ್ಲಿ ಮೆಲಮೈನ್ ಎಂಬ ರಾಸಾಯನಿಕ ಬೆರೆತಿತ್ತು. ಸಾಮಾನ್ಯ ಪ್ರೋಟೀನ್ ಪರೀಕ್ಷೆ ಅಳೆಯುವುದು ಸಾರಜನಕವನ್ನು. ಮೆಲಮೈನ್‌ನಲ್ಲಿ ಅದು ಹೇರಳ. ಹಾಗಾಗಿ ಮೋಸ ಸುಲಭವಾಗಿ ದಾಟಿತು. ಸಾವಿರಾರು ನಾಯಿ-ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವೆಂದು ದೂರು ಬಂದವು, ಕೋಟಿಗಟ್ಟಲೆ ಡಬ್ಬಿ, ಪೊಟ್ಟಣಗಳನ್ನು ವಾಪಸು ಪಡೆದರು. ಮರುವರ್ಷ ಅದೇ ಮೆಲಮೈನ್ ಚೀನಾದ ಹಸುಗೂಸುಗಳ ಹಾಲಿನಪುಡಿಯಲ್ಲಿ ಸಿಕ್ಕಿತು.

ನಮ್ಮಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ ‘ಆಹಾರ’ದ ವ್ಯಾಖ್ಯೆಯಿಂದ ಪಶು ಆಹಾರ ಹೊರಗಿದೆ. ಸಾಕುಪ್ರಾಣಿ ಹಲವು ವೇಳೆ ಒಂದೇ ಆಹಾರವನ್ನು ವರ್ಷಗಟ್ಟಲೆ ದಿನವೂ ತಿನ್ನುತ್ತದೆ. ಬೆರಕೆ ಅಲ್ಪವಿದ್ದರೂ ನಿತ್ಯವೂ ಅದರ ಮೈ ಸೇರುತ್ತಿರುತ್ತದೆ.

ಆದ್ದರಿಂದ ಬೀಜ ಕೊಳ್ಳುವ ಕಡೆಯಲ್ಲೇ ತಪಾಸಣೆ ನಡೆಯಲಿ, ಪ್ರತಿ ಬ್ಯಾಚ್ ಗಮ್ ಪ್ರಯೋಗಾಲಯ ದಾಟಿ ಬರಲಿ. ಲೇಬಲ್‌ನಲ್ಲಿ ‘ಗಮ್’ ಎಂದಷ್ಟೇ ಬರೆಯದೆ ಯಾವ ಗಿಡದ್ದೆಂದು ಹೆಸರಿಸುವುದು ಕಡ್ಡಾಯವಾಗಲಿ. ಸಾಕಿದವರು ಡಬ್ಬಿಯ ಬ್ಯಾಚ್ ಸಂಖ್ಯೆ ಇಟ್ಟುಕೊಳ್ಳಬೇಕು. ಪ್ರಾಣಿಯ ಕಾಲು ಸೋತರೆ, ಮೂತ್ರ ಕಂದಾದರೆ ಕೂಡಲೇ ಪಶುವೈದ್ಯರ ಬಳಿ ಒಯ್ದು, ಉಳಿದ ಆಹಾರವನ್ನೂ ಅವರಿಗೆ ತೋರಿಸಬೇಕು.