ಟಕ್ ಟಕ್ ಅಂತಿದೆಯಾ ಹಾರ್ಡ್ ಡಿಸ್ಕ್?

ಈ ಸದ್ದು ಕೇಳಿಸ್ಕೊಳ್ಳಿ. ಟಕ್... ಟಕ್... ಟಕ್. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹೀಗಂದ್ರೆ ಮೊದಲು ಕೇಬಲ್ ಕಿತ್ತುಬಿಡಿ. ಇನ್ನೊಂದ್ಸಲ ಹಾಕಿ ನೋಡೋಣ ಅನ್ನೋ ಆಸೆ ಬೇಡ.

ಒಳಗಡೆ ಏನಾಗ್ತಿದೆ ಗೊತ್ತಾ? ಕನ್ನಡಿ ಥರ ಹೊಳೆಯೋ ತಟ್ಟೆ, ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗ್ತಿರುತ್ತೆ. ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಡೇಟಾ ಓದೋ ಹೆಡ್ ತೇಲ್ತಿರುತ್ತೆ. ಒಂದು ತಲೆಗೂದಲಿನ ದಪ್ಪದ ಮುಂದೆ ಈ ಅಂತರ ಲೆಕ್ಕಕ್ಕೇ ಇಲ್ಲ. ಹೆಡ್ ದಾರಿ ಸಿಗದೆ ಮತ್ತೆ ಮತ್ತೆ ವಾಪಸ್ ಬರೋ ಸದ್ದೇ ಆ ಟಕ್ ಟಕ್. ತಟ್ಟೆಗೆ ಉಜ್ಜಿತೋ, ಮಗಳ ನಾಮಕರಣದ ಫೋಟೋ ಪುಡಿಪುಡಿ.

ಸದ್ದಿಲ್ಲ, ಬರೀ ಕಂಪ್ಯೂಟರಿನಲ್ಲಿ ಕಾಣಿಸ್ತಿಲ್ಲ ಅಂದ್ರೆ ಸಮಾಧಾನ. ಕೇಬಲ್ ಬದಲಾಯಿಸಿ, ಯುಎಸ್‌ಬಿ ಹಬ್ ಬಿಟ್ಟು ಕಂಪ್ಯೂಟರಿಗೇ ನೇರ ಹಾಕಿ. ಎಷ್ಟೋ ಸಲ ತಪ್ಪು ಆ ಕೇಬಲ್‌ದೇ.

ಕಾಣಿಸ್ತು, ಆದ್ರೆ ಆಮೆ ನಡಿಗೆ? 'ಫಾರ್ಮ್ಯಾಟ್ ಮಾಡ್ಲಾ?' ಅಂತ ವಿಂಡೋಸ್ ಕೇಳಬಹುದು. ಬೇಡ ಅನ್ನಿ. ಚೆಕ್‌ಡಿಸ್ಕ್ ರಿಪೇರಿನೂ ಈಗ ಬೇಡ. ಅದು ಸಾಯ್ತಿರೋ ಡಿಸ್ಕ್ ಮೇಲೇ ಬರೆಯುತ್ತೆ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತ ಉಚಿತ ತಂತ್ರಾಂಶ ಇದೆ. ಜಾಣ ಅದು: ಚೆನ್ನಾಗಿರೋ ಭಾಗ ಮೊದಲು ಎತ್ಕೊಳ್ಳುತ್ತೆ, ಕೆಟ್ಟ ಸೆಕ್ಟರ್‌ಗಳ ತಂಟೆಗೆ ಆಮೇಲೆ ಹೋಗುತ್ತೆ. ಎಲ್ಲೀವರೆಗೆ ಬಂತು ಅಂತ ಬರೆದಿಡೋ ಮ್ಯಾಪ್‌ಫೈಲ್ ಕೊಟ್ಟಿದ್ರೆ, ಕರೆಂಟ್ ಹೋದ್ರೂ ನಿಂತಲ್ಲಿಂದ್ಲೇ ಶುರು. ಅದು ಮಾಡೋ ಪ್ರತಿ ಇನ್ನೊಂದು ದೊಡ್ಡ ಡಿಸ್ಕಿಗೆ ಹೋಗ್ಲಿ. ಕಳೆದ ಫೈಲ್ ವಾಪಸ್ ತರೋ ಫೋಟೋರೆಕ್ ತಂತ್ರಾಂಶ ಹಾಕಿ ಹುಡುಕೋದೆಲ್ಲ ಆ ಪ್ರತಿಯಲ್ಲೇ.

ಫ್ರೀಜರಿನಲ್ಲಿಟ್ರೆ ಸರಿಹೋಗುತ್ತಂತೆ! ಹಳೇ ಮನೆಮದ್ದು ಅದು. ಹೊರಗೆ ತೆಗೆದಾಗ ತಟ್ಟೆ ಮೇಲೆ ತೇವ ಕೂರಬಹುದು. ಸ್ಕ್ರೂ ಬಿಚ್ಚೋದೂ ಬೇಡ, ಧೂಳಿನ ಒಂದು ಕಣ ಸಾಕು. ಟಕ್ ಟಕ್ ಅನ್ನೋ ಡಿಸ್ಕ್ ಹೋಗ್ಬೇಕಾದ್ದು ಧೂಳಿಲ್ಲದ ಕ್ಲೀನ್‌ರೂಮ್ ಇರೋ ರಿಕವರಿ ಲ್ಯಾಬಿಗೆ. ಕೈಗೆ ಕೊಡೋ ಮುಂಚೆ ಕೇಳ್ಕೊಳ್ಳಿ: ಡೇಟಾ ಸಿಗದಿದ್ರೆ ಎಷ್ಟು ದುಡ್ಡು?