ಹೊಸ ಗಾಡಿ ಕೊಳ್ಳುವ ಮುನ್ನ: ಶೋರೂಮಿನ ಕೊಟೇಶನ್ ಓದುವುದು ಹೇಗೆ?



ಒಂದು ದಿನ ಇಶಾ ನಮಾಝ್ ಮುಗಿದು ಜನ ಹೊರಟುಹೋದ ಮೇಲೆ ನಮ್ಮ ಮೊಹಲ್ಲಾದ ಸಹೋದರರೊಬ್ಬರು ಮಸೀದಿಯ ಬಾಗಿಲಲ್ಲೇ ನಮಗಾಗಿ ಕಾದು ನಿಂತಿದ್ದರು. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡು ಸಂಸಾರ ಸಾಗಿಸುವವರು. ಬಡ್ಡಿಯ ಸಾಲ ಬೇಡವೆಂದು ಎಂಟು ವರ್ಷ ಹಣ ಕೂಡಿಟ್ಟು, ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಒಂದು ಚಿಕ್ಕ ಕಾರು ಕೊಳ್ಳಲು ಹೊರಟಿದ್ದರು. ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಕೊಟ್ಟರು.

"ಹಜರತ್, ಜಾಹೀರಾತಲ್ಲಿ ಏಳು ಲಕ್ಷ ತೊಂಬತ್ತು ಸಾವಿರ ಅಂತಿತ್ತು. ಇವರು ಹತ್ತು ಲಕ್ಷ ದಾಟಿಸಿದ್ದಾರೆ. ನಾಳೇನೇ ಅಡ್ವಾನ್ಸ್ ಕಟ್ಟಬೇಕಂತೆ. ಯಾಕೆ ಇಷ್ಟು ಅಂತ ಕೇಳೋಕೆ ನಾಚಿಕೆ ಆಯ್ತು."

ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ. ಎಪಿಎಂಸಿಯಲ್ಲಿ ಈರುಳ್ಳಿ ಕೊಳ್ಳುವಾಗ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು, ಎಸಿ ಹಾಕಿದ ಶೋರೂಮಿನಲ್ಲಿ ಕುರ್ಚಿ ಕೊಟ್ಟು ಕಾಫಿ ತಂದಿಟ್ಟ ಕೂಡಲೇ ಬಾಯಿ ಕಟ್ಟಿಕೊಂಡು ಕೂರುತ್ತೇವೆ. ಬೆಲೆ ಕೇಳುವುದು ಅಗೌರವವಲ್ಲ. ಪ್ರವಾದಿವರ್ಯರು(ಸ) ಒಂದು ಪ್ರಯಾಣದಿಂದ ಮದೀನಕ್ಕೆ ಮರಳುವಾಗ ಹಜರತ್ ಜಾಬಿರ್(ರ)ರ ದಣಿದ ಒಂಟೆಯನ್ನು ಕೊಂಡ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಅಲ್ಲಿ ಬೆಲೆಯ ಮಾತುಕತೆ ನಡೆಯಿತು. ಮದೀನ ತಲುಪುವವರೆಗೆ ತಾನೇ ಸವಾರಿ ಮಾಡುವೆನೆಂದು ಜಾಬಿರ್(ರ) ಶರತ್ತು ಹಾಕಿದರು, ಅದನ್ನು ಪ್ರವಾದಿವರ್ಯರು(ಸ) ಒಪ್ಪಿದರು. ಊರು ತಲುಪಿದ ಮೇಲೆ ಹಣವನ್ನೂ ಕೊಟ್ಟು ಒಂಟೆಯನ್ನೂ ಹಿಂದಿರುಗಿಸಿದರು. ಔದಾರ್ಯ ಬಂದದ್ದು ಕೊನೆಗೆ. ಮೊದಲು ಬಂದದ್ದು ಬೆಲೆ ಎಷ್ಟು, ಶರತ್ತು ಏನು ಎಂಬ ಸ್ಪಷ್ಟ ಮಾತು.

ಆ ರಾತ್ರಿ ಮಸೀದಿಯ ಚಾಪೆಯ ಮೇಲೆ ಕೂತು ಹಾಳೆಯನ್ನು ಸಾಲುಸಾಲಾಗಿ ಓದಿದೆವು. ಅದರಲ್ಲಿದ್ದದ್ದು ಇಷ್ಟು: ಎಕ್ಸ್-ಶೋರೂಮ್ ಬೆಲೆ 7,90,000, ರಸ್ತೆ ತೆರಿಗೆ ಮತ್ತು ನೋಂದಣಿ 1,23,800, ವಿಮೆ 48,500, ಎಕ್ಸ್‌ಟೆಂಡೆಡ್ ವಾರಂಟಿ 18,900, 'ಎಸೆನ್ಶಿಯಲ್ ಕಿಟ್' 14,500, ಹ್ಯಾಂಡ್ಲಿಂಗ್ ಚಾರ್ಜ್ 9,800, ಬಣ್ಣದ ಮೇಲಿನ ಕೋಟಿಂಗ್ 7,500, ಫಾಸ್ಟ್ಯಾಗ್ 600. ಒಟ್ಟು 10,13,600 ರೂಪಾಯಿ.

ಈ ಎಂಟು ಸಾಲುಗಳೂ ಒಂದೇ ಬಗೆಯವಲ್ಲ. ಕೆಲವು ಸರಕಾರಕ್ಕೆ ಹೋಗುವ ಹಣ, ಅದರಲ್ಲಿ ಚೌಕಾಸಿ ನಡೆಯದು. ಉಳಿದವು ಅಂಗಡಿಯವರು ಮಾರುವ ಸರಕು. ಬೇಕಾದರೆ ಕೊಳ್ಳಬಹುದು, ಬೇಡವೆಂದರೆ ಬಿಡಬಹುದು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರೆದಾಗ ಎಲ್ಲವೂ ಕಡ್ಡಾಯವೆಂಬಂತೆ ಕಾಣುತ್ತದೆ. ಇಡೀ ವ್ಯವಹಾರದಲ್ಲಿ ತಿಳಿಯಬೇಕಾದ ಗುಟ್ಟು ಇದೊಂದೇ.

ಸರಕಾರದ ಪಾಲನ್ನು ಮೊದಲು ನೋಡೋಣ. ಎಕ್ಸ್-ಶೋರೂಮ್ ಬೆಲೆಯೊಳಗೆ ಜಿಎಸ್‌ಟಿ ಆಗಲೇ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ ಕೂಡ ಹೋಯಿತು. ಚಿಕ್ಕ ಕಾರು ಎಂದರೆ ಉದ್ದ ನಾಲ್ಕು ಮೀಟರ್ ಮೀರಬಾರದು, ಎಂಜಿನ್ ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರಬಾರದು. 350 ಸಿಸಿವರೆಗಿನ ಬೈಕು, ಸ್ಕೂಟರುಗಳಿಗೂ ಶೇ. 18. ಅದಕ್ಕಿಂತ ದೊಡ್ಡವಕ್ಕೆ ಶೇ. 40. ಆದ್ದರಿಂದ ಯಾರೋ ಹಿಂದೆಂದೋ ಕೊಂಡಾಗಿನ ಬೆಲೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಕಂಪನಿಯ ಇಂದಿನ ಬೆಲೆಪಟ್ಟಿಯನ್ನೇ ನೋಡಿ.

ಕರ್ನಾಟಕದ ಜೀವಾವಧಿ ರಸ್ತೆ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. ಪೆಟ್ರೋಲ್, ಡೀಸೆಲ್ ಕಾರಿನ ಬೆಲೆ ಐದು ಲಕ್ಷದೊಳಗಿದ್ದರೆ ಶೇ. 13, ಹತ್ತರವರೆಗೆ 14, ಇಪ್ಪತ್ತರವರೆಗೆ 17, ಅದಕ್ಕೂ ಮೇಲೆ 18. ಈ ತೆರಿಗೆಯ ಮೇಲೆ ಸೆಸ್ ಬೇರೆ. ನಮ್ಮ ಸಹೋದರರ 7,90,000ಕ್ಕೆ ಶೇ. 14 ಎಂದರೆ 1,10,600. ಸೆಸ್ ಮತ್ತು ನೋಂದಣಿ ಶುಲ್ಕ ಸೇರಿದರೆ ಹಾಳೆಯಲ್ಲಿದ್ದ ಮೊತ್ತ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಆದರೂ ಒಂದು ಮಾತು. ತೆರಿಗೆ ಕಟ್ಟಿದ ರಸೀದಿ ಸರಕಾರದ ಪರಿವಾಹನ್ ವ್ಯವಸ್ಥೆಯಲ್ಲಿ ನಿಮ್ಮ ಹೆಸರಿಗೇ ಬರುತ್ತದೆ. ದೇವನಹಳ್ಳಿಯ ಕೆಎ 43 ಆಗಲಿ, ನೆಲಮಂಗಲದ ಕೆಎ 52 ಆಗಲಿ, ಗಾಡಿಗೆ ನಂಬರ್ ಬಂದ ದಿನವೇ ಆ ರಸೀದಿ ಕೇಳಿ ಪಡೆಯಿರಿ. ನಿಮ್ಮಿಂದ ಪಡೆದದ್ದಕ್ಕೂ ಕಟ್ಟಿದ್ದಕ್ಕೂ ವ್ಯತ್ಯಾಸವಿದ್ದರೆ ಉಳಿದ ಹಣ ನಿಮ್ಮದು.

ಗಾಡಿಯ ಬೆಲೆ ಹತ್ತು ಲಕ್ಷ ಮೀರಿದರೆ ಟಿಸಿಎಸ್ ಎಂದು ಶೇ. 1 ಹೆಚ್ಚಿಗೆ ಪಡೆಯುತ್ತಾರೆ. ಅದು ನಿಮ್ಮ ಪ್ಯಾನ್ ಹೆಸರಲ್ಲಿ ಆದಾಯ ತೆರಿಗೆ ಇಲಾಖೆಗೆ ಜಮೆಯಾಗುವ ಹಣ. ರಿಟರ್ನ್ ಸಲ್ಲಿಸಿದರೆ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ತೆರಿಗೆ ಬಾಕಿ ಇಲ್ಲದಿದ್ದರೆ ವಾಪಸು ಪಡೆಯಬಹುದು. ನಮ್ಮಲ್ಲಿ ಎಷ್ಟೋ ಜನ ರಿಟರ್ನ್ ಸಲ್ಲಿಸದೆ ಇದನ್ನು ಹಾಗೇ ಬಿಟ್ಟುಬಿಡುತ್ತಾರೆ.

ಇನ್ನು ಅಂಗಡಿಯ ಪಾಲು. ಇಲ್ಲಿ ದೊಡ್ಡದು ವಿಮೆ. ಹೊಸ ಕಾರಿಗೆ ಮೂರು ವರ್ಷದ, ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಇದು ಜಾರಿಯಲ್ಲಿದೆ. ಇದರ ದರವನ್ನು ಸರಕಾರವೇ ನಿಗದಿ ಮಾಡುವುದರಿಂದ ಎಲ್ಲ ಕಂಪನಿಗಳಲ್ಲೂ ಒಂದೇ. ವ್ಯತ್ಯಾಸ ಬರುವುದು ನಮ್ಮದೇ ಗಾಡಿಗೆ ಆಗುವ ಹಾನಿಯ ವಿಮೆಯಲ್ಲಿ ಮತ್ತು ಅದಕ್ಕೆ ಸೇರಿಸುವ ಹೆಚ್ಚುವರಿ ಕವರ್‌ಗಳಲ್ಲಿ. ಈ ಭಾಗವನ್ನು ಒಂದು ವರ್ಷಕ್ಕೆ ಮಾತ್ರ ಮಾಡಿಸಿದರೂ ಸಾಕು. ಎಲ್ಲಿ ಮಾಡಿಸಬೇಕೆಂಬುದು ನಿಮ್ಮ ಇಷ್ಟ. 2017ರ ನವೆಂಬರ್‌ನಿಂದ ಜಾರಿಯಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿಯಂತೆ, ತಮ್ಮಲ್ಲೇ ವಿಮೆ ಮಾಡಿಸಬೇಕೆಂದು ಡೀಲರ್ ಒತ್ತಾಯಿಸುವಂತಿಲ್ಲ. "ನಮ್ಮಲ್ಲಿ ಮಾಡಿಸದಿದ್ದರೆ ಕ್ಯಾಶ್‌ಲೆಸ್ ಸಿಗಲ್ಲ ಸರ್" ಎಂದು ಹೆದರಿಸುವುದುಂಟು. ಕ್ಯಾಶ್‌ಲೆಸ್ ಸಿಗುವುದು ವಿಮಾ ಕಂಪನಿಗೂ ಆ ವರ್ಕ್‌ಶಾಪಿಗೂ ಒಪ್ಪಂದವಿದೆಯೇ ಎಂಬುದರ ಮೇಲೆ. ಆದರೆ ಹೋಲಿಸುವಾಗ ನ್ಯಾಯವಾಗಿ ಹೋಲಿಸಿ. ಐಡಿವಿ, ಅಂದರೆ ಗಾಡಿ ಪೂರ್ತಿ ಹಾಳಾದರೆ ಸಿಗುವ ಮೊತ್ತ, ಎರಡರಲ್ಲೂ ಒಂದೇ ಇರಲಿ. ಅದನ್ನು ತಗ್ಗಿಸಿ ಅಗ್ಗ ಎಂದು ತೋರಿಸುವವರೂ ಇದ್ದಾರೆ. ನಮ್ಮ ಸಹೋದರರಿಗೆ ಅದೇ ಐಡಿವಿ, ಅದೇ ಕವರ್‌ಗಳಿರುವ ಪಾಲಿಸಿ ಹೊರಗೆ 36,000ಕ್ಕೆ ಸಿಕ್ಕಿತು.

ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಡಿಪೋ ಚಾರ್ಜ್ ಎಂದು ಹೆಸರು ಏನೇ ಇರಲಿ, ಈ ಹೆಸರಿನ ಸರಕಾರಿ ಶುಲ್ಕ ಯಾವುದೂ ಇಲ್ಲ. ಗಾಡಿಯನ್ನು ಶೋರೂಮಿಗೆ ತರುವ ಖರ್ಚು ಎಕ್ಸ್-ಶೋರೂಮ್ ಬೆಲೆಯಲ್ಲೇ ಬಂದಿರುತ್ತದೆ. ಹೊಸಕೋಟೆ ದಾಟಿ ಕೋಲಾರದ ದಾರಿಯಲ್ಲಿ ನರಸಾಪುರಕ್ಕೆ ಹೋದರೆ ದ್ವಿಚಕ್ರ ವಾಹನದ ಕಾರ್ಖಾನೆಯೇ ಸಿಗುತ್ತದೆ. ಅಷ್ಟು ಹತ್ತಿರ ತಯಾರಾಗುವ ಸ್ಕೂಟರಿಗೂ 'ಸಾಗಾಟ'ದ ಹೆಸರಲ್ಲಿ ಮತ್ತೆ ಹಣ ಕೇಳಿದರೆ ಏನನ್ನೋಣ! ಕೇಳಬೇಕಾದ ಪ್ರಶ್ನೆ ಒಂದೇ: "ಇದನ್ನು ಯಾವ ನಿಯಮದ ಪ್ರಕಾರ ಪಡೆಯುತ್ತೀರಿ? ಬಿಲ್ಲಿನಲ್ಲಿ ಹೀಗೇ ಬರೆದು ಕೊಡಿ." ನಮ್ಮ ಸಹೋದರರು ಇಷ್ಟು ಕೇಳಿದ್ದಕ್ಕೆ ಸೇಲ್ಸ್ ಹುಡುಗ ಒಳಗೆ ಹೋಗಿ ಮ್ಯಾನೇಜರನ್ನು ಕಂಡು ಬಂದ. ಆ ಸಾಲನ್ನು ಹೊಡೆದು ಹಾಕಿದ.

ಕಿಟ್, ಕೋಟಿಂಗ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮ್ಯಾಟ್, ಸೀಟ್ ಕವರ್ ಎಲ್ಲವೂ ಸಿಗುತ್ತವೆ. ವಯರಿಂಗ್ ಕತ್ತರಿಸಿ ಹಾಕುವ ಸಾಮಾನನ್ನು ಮಾತ್ರ ಹೊರಗೆ ಹಾಕಿಸಬೇಡಿ, ವಾರಂಟಿಗೆ ತೊಂದರೆಯಾದೀತು. ಎಕ್ಸ್‌ಟೆಂಡೆಡ್ ವಾರಂಟಿ ಕೆಲವರಿಗೆ ಉಪಯೋಗಕ್ಕೆ ಬರುತ್ತದೆ. ಸಾಮಾನ್ಯವಾಗಿ ಅದನ್ನು ಮೊದಲ ವಾರಂಟಿ ಮುಗಿಯುವುದರೊಳಗೆ ಆಮೇಲೂ ಕೊಳ್ಳಬಹುದು.

ಸ್ಕೂಟರ್ ಕೊಳ್ಳುವವರಿಗೆ ಒಂದು ವಿಷಯ. ದ್ವಿಚಕ್ರ ವಾಹನ ಕೊಳ್ಳುವಾಗ ಐಎಸ್‌ಐ ಗುಣಮಟ್ಟದ ಹೆಲ್ಮೆಟನ್ನು ತಯಾರಕರೇ ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮ ಹೇಳುತ್ತದೆ. ಕೇಳುವವರು ಕಡಿಮೆ, ಆದ್ದರಿಂದ ಕೊಡುವವರೂ ಕಡಿಮೆ.

ಈಗ ನಮ್ಮ ಕುಟುಂಬಗಳನ್ನು ವಿಶೇಷವಾಗಿ ಕಾಡುವ ವಿಷಯಕ್ಕೆ ಬರುತ್ತೇವೆ. ಶೋರೂಮಿನಲ್ಲಿ ಕೂತ ಕೂಡಲೇ ಕೇಳುವ ಪ್ರಶ್ನೆ "ತಿಂಗಳಿಗೆ ಎಷ್ಟು ಇಎಂಐ ಕಟ್ತೀರಿ?" ಎಂಬುದು. ಈ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಒಟ್ಟು ಬೆಲೆ ಮಾತಿನಿಂದ ಮರೆಯಾಗುತ್ತದೆ. ಪೂರ್ತಿ ಹಣ ಕೊಡುತ್ತೇವೆ, ಬಡ್ಡಿ ಸಾಲ ಬೇಡ ಎಂದರೆ ಕೆಲವೆಡೆ ಮುಖವೇ ಬಾಡುತ್ತದೆ. ಸಾಲ ಕೊಡಿಸಿದ್ದಕ್ಕೆ ಡೀಲರಿಗೆ ಬ್ಯಾಂಕು, ಫೈನಾನ್ಸ್ ಕಂಪನಿಗಳಿಂದ ಕಮಿಷನ್ ಬರುತ್ತದೆ, ಅದು ತಪ್ಪುತ್ತದಲ್ಲ! "ಲೋನ್ ತಗೊಂಡರೆ ಮಾತ್ರ ಡಿಸ್ಕೌಂಟ್, ಮೂರು ತಿಂಗಳಲ್ಲಿ ಕ್ಲೋಸ್ ಮಾಡಿಬಿಡಿ" ಎಂಬ ಸಲಹೆಯೂ ಬರುತ್ತದೆ. ಮೂರು ತಿಂಗಳ ಬಡ್ಡಿಯೂ ಬಡ್ಡಿಯೇ. ಅವಧಿಗೆ ಮುನ್ನ ತೀರಿಸಿದ್ದಕ್ಕೆ ದಂಡ, ಪ್ರೊಸೆಸಿಂಗ್ ಶುಲ್ಕ, ಆರ್‌ಸಿಯಲ್ಲಿ ನಮೂದಾದ ಸಾಲವನ್ನು ತೆಗೆಸುವ ಓಡಾಟ ಎಲ್ಲ ಸೇರಿದರೆ ಆ ಡಿಸ್ಕೌಂಟಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಆದ್ದರಿಂದ ಹಣ ಹೇಗೆ ಕೊಡುತ್ತೀರೆಂದು ಮೊದಲೇ ಹೇಳಬೇಡಿ. ಗಾಡಿಯ ಬೆಲೆ ಲಿಖಿತವಾಗಿ ಇತ್ಯರ್ಥವಾಗಲಿ, ಪಾವತಿಯ ಮಾತು ಆಮೇಲೆ. ಹಾಗೆಯೇ ಹಳೆಯ ಗಾಡಿ ಕೊಡುವುದಿದ್ದರೆ ಅದರ ಮಾತನ್ನೂ ಕೊನೆಗೆ ಇಡಿ. 'ಎಕ್ಸ್‌ಚೇಂಜ್ ಬೋನಸ್' ಎಂದು ಇಪ್ಪತ್ತು ಸಾವಿರ ಕೊಟ್ಟು, ಹಳೆ ಗಾಡಿಯ ಬೆಲೆಯಲ್ಲಿ ನಲವತ್ತು ಸಾವಿರ ತಗ್ಗಿಸಿದರೆ ಲಾಭವೇನು?

ನಗದು ಎಂದರೆ ನೋಟಿನ ಕಟ್ಟು ಒಯ್ಯುವುದಲ್ಲ. ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ಮೊತ್ತವನ್ನು ನೋಟುಗಳಲ್ಲಿ ಪಡೆಯುವುದನ್ನು 2017ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಚೀಟಿ ಹಣವೋ, ಮಗ್ಗದ ಹಣವೋ, ಮೊದಲು ನಿಮ್ಮ ಖಾತೆಗೆ ಹಾಕಿ, ಡೀಲರ್ ಕಂಪನಿಯ ಖಾತೆಗೇ ವರ್ಗಾಯಿಸಿ. ಸೇಲ್ಸ್ ಹುಡುಗನ ಫೋನ್ ನಂಬರಿಗೆ ಬುಕಿಂಗ್ ಹಣ ಕಳುಹಿಸಿ ಪರದಾಡಿದವರನ್ನು ನಾವು ಕಂಡಿದ್ದೇವೆ.

ಅಡ್ವಾನ್ಸ್ ಕೊಡುವ ಮುನ್ನ ಬುಕಿಂಗ್ ಫಾರಂ ಓದಿ. ಡೆಲಿವರಿ ದಿನದ ಬೆಲೆ ಅನ್ವಯ ಎಂದು ಅದರಲ್ಲಿ ಬರೆದಿರುವುದು ಸಾಮಾನ್ಯ. ಬುಕಿಂಗ್ ರದ್ದು ಮಾಡಿದರೆ ಎಷ್ಟು ವಾಪಸು ಎಂಬುದನ್ನು ಬರೆಸಿಕೊಳ್ಳಿ. ಬಾಯಿಮಾತಿನ ಡಿಸ್ಕೌಂಟನ್ನೂ ಬರೆಸಿಕೊಳ್ಳಿ. ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ, ಅಲ್-ಬಕರಃ ಅಧ್ಯಾಯದ 282ನೆಯದು, ವ್ಯವಹಾರವನ್ನು ಬರೆದಿಡುವುದರ ಕುರಿತೇ ಇದೆ. ನಾವು ಅದನ್ನು ಓದುತ್ತೇವೆ, ಆದರೆ ಬರೆಸಿಕೊಳ್ಳಲು ಸಂಕೋಚಪಡುತ್ತೇವೆ. ವ್ಯಾಪಾರದಲ್ಲಿ ಪದೇ ಪದೇ ಮೋಸಹೋಗುತ್ತಿದ್ದ ಸಹಾಬಿಯೊಬ್ಬರಿಗೆ, ಕೊಳ್ಳುವಾಗಲೇ ಮೋಸವಿರಕೂಡದೆಂದು ಬಾಯಿಬಿಟ್ಟು ಹೇಳುವಂತೆ ಪ್ರವಾದಿವರ್ಯರು(ಸ) ಕಲಿಸಿಕೊಟ್ಟಿದ್ದರು.

ಹಾಗೆಂದು ನಮ್ಮ ಕಡೆಯಿಂದಲೂ ಸುಳ್ಳು ಬೇಡ. "ಯಲಹಂಕದ ಶೋರೂಮಿನವರು ಮೂವತ್ತು ಸಾವಿರ ಕಡಿಮೆ ಹೇಳಿದ್ದಾರೆ" ಎನ್ನುವುದಾದರೆ ಅಲ್ಲಿಗೆ ನಿಜವಾಗಿ ಹೋಗಿರಬೇಕು, ಕೊಟೇಶನ್ ಕೈಯಲ್ಲಿರಬೇಕು. ಎರಡು ಮೂರು ಕಡೆ ಹೋಗಿ ಬರೆಸಿಕೊಂಡು ಬಂದರೆ ಸುಳ್ಳಿನ ಅಗತ್ಯವೇ ಬೀಳದು. ಎದುರು ಕೂತ ಹುಡುಗನೂ ತಿಂಗಳ ಟಾರ್ಗೆಟ್ ಹೊತ್ತು ದುಡಿಯುವವನು, ನಮ್ಮದೇ ಜಮಾಅತಿನ ಯುವಕರೂ ಆ ಕೆಲಸದಲ್ಲಿದ್ದಾರೆ. ಗದರಬೇಡಿ.

ಯಾವಾಗ ಕೊಳ್ಳಬೇಕು? ತಿಂಗಳ ಕೊನೆ ಮತ್ತು ಡಿಸೆಂಬರ್‌ನಲ್ಲಿ ಬೆಲೆ ಸಡಿಲವಾಗುತ್ತದೆ. ಆದರೆ ಡಿಸೆಂಬರಿನ ಗಾಡಿ ಜನವರಿಗೆ ಒಂದು ವರ್ಷ ಹಳೆಯದೆಂದು ಲೆಕ್ಕ. ತಯಾರಾದ ತಿಂಗಳು, ವರ್ಷ ಆರ್‌ಸಿಯಲ್ಲೇ ಅಚ್ಚಾಗುವುದರಿಂದ ಮಾರುವಾಗ ಬೆಲೆ ಇಳಿಯುತ್ತದೆ. ನೋಂದಣಿಗೆ ಮುನ್ನವೇ ಚಾಸಿಸ್ ನಂಬರ್ ಪಡೆದು, ಗಾಡಿಯನ್ನು ಹಗಲು ಬೆಳಕಲ್ಲಿ ನೋಡಿಬನ್ನಿ. ಆಷಾಢದಲ್ಲಿ ಹಿಂದೂ ಸಹೋದರರಲ್ಲಿ ಅನೇಕರು ಹೊಸ ಗಾಡಿ ಕೊಳ್ಳದ ಕಾರಣ ನಮ್ಮ ಕಡೆಯ ಶೋರೂಮುಗಳು ಖಾಲಿ ಹೊಡೆಯುತ್ತವೆ, ಆಷಾಢ ಆಫರ್ ಎಂದೇ ಬೋರ್ಡು ಬೀಳುತ್ತದೆ. ನಮಗೆ ಆ ಅಡ್ಡಿಯಿಲ್ಲ. ಸಫರ್ ತಿಂಗಳು ಒಳ್ಳೆಯದಲ್ಲವೆಂದು ನಮ್ಮಲ್ಲಿ ಕೆಲವು ಹಿರಿಯರು ಹೇಳುವುದಕ್ಕೂ ದೀನ್‌ನಲ್ಲಿ ಆಧಾರವಿಲ್ಲ.

ಮಾತು ತಪ್ಪಿದರೆ ಮೊದಲು ಡೀಲರಿಗೆ, ಗಾಡಿ ತಯಾರಿಸಿದ ಕಂಪನಿಗೆ ಬರಹದಲ್ಲಿ ತಿಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾನೂನಿನಂತೆ ಶೋರೂಮ್ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಕೊಟೇಶನ್, ಬುಕಿಂಗ್ ರಸೀದಿ, ಬಿಲ್ಲು, ತೆರಿಗೆ ರಸೀದಿ, ವಿಮಾ ಪಾಲಿಸಿ ಎಲ್ಲವನ್ನೂ ಒಂದೇ ಕವರಿನಲ್ಲಿಟ್ಟುಕೊಂಡಿರಿ.

ನಮ್ಮ ಸಹೋದರರು ಮರುದಿನ ಅಡ್ವಾನ್ಸ್ ಕಟ್ಟಲಿಲ್ಲ. ಇನ್ನೆರಡು ಶೋರೂಮು ಸುತ್ತಿ ಹತ್ತು ದಿನದ ಮೇಲೆ ಮೊದಲಿನ ಶೋರೂಮಿಗೇ ಹೋದರು. ವಾರಂಟಿ ಉಳಿಸಿಕೊಂಡರು; ಕಿಟ್, ಕೋಟಿಂಗ್, ಹ್ಯಾಂಡ್ಲಿಂಗ್ ಬಿಟ್ಟರು; ವಿಮೆ ಹೊರಗೆ ಮಾಡಿಸಿದರು. 10,13,600 ಇದ್ದದ್ದು 9,69,300ಕ್ಕೆ ಬಂತು. ಉಳಿದ 44,300ರಲ್ಲಿ ಜೆ.ಸಿ. ರಸ್ತೆಯ ಮ್ಯಾಟಿನ ಖರ್ಚು ಕಳೆದು ಮಿಕ್ಕಿದ್ದು ತಾಯಿಯ ಕಣ್ಣಿನ ಆಪರೇಶನ್ನಿಗೆ ಹೋಯಿತು.