ವರದಿಯಲ್ಲಿ ಕಾಣದ ಮೂತ್ರಕೋಶದ ನೋವು

ಮಗಳನ್ನು ಮದ್ರಸಕ್ಕೆ ಬಿಡಲು ಬರುವ ತಾಯಿಯೊಬ್ಬರು ಒಮ್ಮೆ ರಮಝಾನ್ ಮುಗಿದ ಬಳಿಕ ತಗ್ಗಿದ ಸ್ವರದಲ್ಲಿ ಕೇಳಿದರು: "ಟೀಚರ್, ತರಾವೀಹ್ ಮಧ್ಯೆ ಎರಡು ಮೂರು ಸಲ ಎದ್ದು ಹೋಗಬೇಕಾಗುತ್ತದೆ. ತಡೆದುಕೊಂಡರೆ ಕಿಬ್ಬೊಟ್ಟೆಯಲ್ಲಿ ಬೆಂಕಿ ಇಟ್ಟಂತಾಗುತ್ತದೆ. ನನ್ನ ನಮಾಝ್ ಸಿಂಧುವಾಗುತ್ತದೆಯೇ?"

ಉತ್ತರ ಕಷ್ಟದ್ದಲ್ಲ. ಮಲಮೂತ್ರದ ಒತ್ತಡ ತಡೆದುಕೊಂಡು ನಮಾಝ್‌ಗೆ ನಿಲ್ಲುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಹೋಗಿ ಬಂದು, ವುಝೂ ಮಾಡಿ ಮತ್ತೆ ಸೇರಿಕೊಳ್ಳಬಹುದು; ತರಾವೀಹನ್ನು ಮನೆಯಲ್ಲೂ ನಿರ್ವಹಿಸಬಹುದು. ಆದರೆ ಅವರ ನಿಜವಾದ ಸಂಕಟ ಬೇರೆಯೇ ಇತ್ತು. ನಾಲ್ಕು ವರ್ಷಗಳಿಂದ ನೋವು. ಎಷ್ಟು ಸಲ ಮೂತ್ರ ಪರೀಕ್ಷೆ ಮಾಡಿಸಿದರೂ 'ಸೋಂಕಿಲ್ಲ' ಎಂಬ ವರದಿ. ವೈದ್ಯರೊಬ್ಬರು "ಎಲ್ಲ ನಿಮ್ಮ ಮನಸ್ಸಿನಲ್ಲಿದೆ" ಎಂದರಂತೆ. ಮನೆಯಲ್ಲಿ, ಕೆಲಸ ತಪ್ಪಿಸಲು ನೆಪ ಎಂಬ ಮಾತು. ಮದುವೆ ಮನೆಗಳಿಗೆ ಹೋಗುವುದನ್ನೇ ಅವರು ಬಿಟ್ಟುಬಿಟ್ಟಿದ್ದರು.

ಇಂತಹ ನೋವಿಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಇಂಟರ್‌ಸ್ಟೀಷಿಯಲ್ ಸಿಸ್ಟೈಟಿಸ್ ಅಥವಾ ಬ್ಲಾಡರ್ ಪೇನ್ ಸಿಂಡ್ರೋಮ್. ಮೂತ್ರಕೋಶ ತುಂಬುತ್ತಾ ಬಂದಂತೆ ನೋವು ಏರುತ್ತದೆ, ಖಾಲಿಯಾದಾಗ ಸ್ವಲ್ಪ ಇಳಿಯುತ್ತದೆ. ರಾತ್ರಿಯೂ ಹಲವು ಬಾರಿ ಏಳಬೇಕು. ಪುರುಷರಿಗೂ ಬರುತ್ತದೆ, ಆದರೆ ಮಹಿಳೆಯರಲ್ಲೇ ಹೆಚ್ಚು. ಅಮೆರಿಕದ ವೈದ್ಯ ಗೈ ಹನ್ನರ್ 1915ರಲ್ಲೇ ಇಂತಹ ರೋಗಿಗಳ ಮೂತ್ರಕೋಶದಲ್ಲಿ ಹುಣ್ಣುಗಳನ್ನು ಗುರುತಿಸಿದ್ದರು. ಆದರೆ ಆ ಹುಣ್ಣು ಕೆಲವರಲ್ಲಿ ಮಾತ್ರ ಕಾಣುತ್ತದೆ. ಉಳಿದವರ ಮೂತ್ರಕೋಶ ನೋಡಲು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಹೀಗಾಗಿಯೇ ಅವರ ಮಾತನ್ನು ಯಾರೂ ನಂಬುವುದಿಲ್ಲ.

ಎಲ್ಲರಿಗೂ ಫಲಿಸುವ ಔಷಧಿ ಇನ್ನೂ ಸಿಕ್ಕಿಲ್ಲ. ಪೆಂಟೋಸಾನ್ ಎಂಬ ಗುಳಿಗೆಗೆ ಅಮೆರಿಕ 1996ರಲ್ಲಿ ಅನುಮತಿ ನೀಡಿತು. ದೀರ್ಘಕಾಲ ಸೇವಿಸಿದವರಲ್ಲಿ ಕಣ್ಣಿನ ಅಕ್ಷಿಪಟಕ್ಕೆ ಹಾನಿಯಾದ ವರದಿಗಳು ಬಂದ ಬಳಿಕ 2020ರಲ್ಲಿ ಅದರ ಮೇಲೆ ಎಚ್ಚರಿಕೆ ಸೇರಿಸಲಾಯಿತು.

ಈ ನಡುವೆ ಸಂಶೋಧಕರ ದೃಷ್ಟಿ ಹೋದದ್ದು ತಾಯಂದಿರಿಗೆ ತೀರಾ ಪರಿಚಿತವಾದ ಹಾರ್ಮೋನೊಂದರ ಕಡೆಗೆ. ಅದು ಆಕ್ಸಿಟೋಸಿನ್. ಹೆರಿಗೆಯಲ್ಲಿ ಗರ್ಭಕೋಶವನ್ನು ಸಂಕುಚಿಸುವುದು, ಮಗು ಚೀಪಿದಾಗ ಎದೆಹಾಲು ಇಳಿಸುವುದು ಅದರ ಕೆಲಸ. ಮಾನಸಿಕ ಒತ್ತಡದಿಂದ ಮೂತ್ರಕೋಶದ ನೋವು ಉಲ್ಬಣಿಸುವುದು ರೋಗಿಗಳಿಗೆ ಗೊತ್ತೇ ಇದೆ. ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದ ತಂಡವೊಂದು ಒತ್ತಡಕ್ಕೊಳಗಾದ ಹೆಣ್ಣು ಇಲಿಗಳಿಗೆ ಆಕ್ಸಿಟೋಸಿನ್ ನೀಡಿದಾಗ ಮೂತ್ರಕೋಶದ ಅತಿಸಂವೇದನೆ ಇಳಿಯಿತೆಂದು 2009ರಲ್ಲಿ ಪ್ರಕಟಿಸಿತು. ಮುಂದಿನ ಹೆಜ್ಜೆ ಮನುಷ್ಯರಲ್ಲಿ ಪರೀಕ್ಷೆ. ನುಂಗಿದರೆ ಜೀರ್ಣಾಂಗದಲ್ಲೇ ಒಡೆದುಹೋಗುವುದರಿಂದ ಇದನ್ನು ಮೂಗಿಗೆ ಸಿಂಪಡಿಸುತ್ತಾರೆ.

ಪರೀಕ್ಷೆಯೆಂದರೆ ಏನೆಂದು ಆ ತಾಯಿಯೂ ಕೇಳಿದರು. ಕೆಲವರಿಗೆ ನಿಜವಾದ ಔಷಧಿ, ಕೆಲವರಿಗೆ ಔಷಧಿಯಿಲ್ಲದ ದ್ರವ. ಯಾರಿಗೆ ಯಾವುದೆಂದು ಕೊಡುವವರಿಗೂ ಪಡೆಯುವವರಿಗೂ ಗೊತ್ತಿರುವುದಿಲ್ಲ. ನೋವು ತಾನಾಗಿಯೇ ಏರಿಳಿಯುವ ರೋಗವಾದ್ದರಿಂದ ಹೀಗೆ ಹೋಲಿಸದೆ ಔಷಧಿಯ ಗುಣ ತಿಳಿಯದು. 'ನನಗೆ ವಾಸಿಯಾಯಿತು' ಎಂಬ ಒಬ್ಬರ ಸಾಕ್ಷ್ಯ ಇಲ್ಲಿ ಸಾಲದು. (ನಮ್ಮಲ್ಲಿ ಎಷ್ಟು ಔಷಧಿಗಳು ಆ ಒಂದೇ ಮಾತಿನ ಬಲದಿಂದ ಮಾರಾಟವಾಗುತ್ತಿಲ್ಲ!)

ಆಕ್ಸಿಟೋಸಿನ್ ಇನ್ನೂ ಈ ರೋಗಕ್ಕೆ ಅಂಗೀಕೃತ ಚಿಕಿತ್ಸೆಯಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಾಲು ಕರೆಯಲು ಹಸು, ಎಮ್ಮೆಗಳಿಗೆ ಇದೇ ಚುಚ್ಚುಮದ್ದನ್ನು ಕದ್ದು ಕೊಡುವ ಚಾಳಿ ನಮ್ಮ ದೇಶದಲ್ಲಿದೆ. ಅದನ್ನು ತಡೆಯಲು 2018ರಲ್ಲಿ ಕೇಂದ್ರ ಸರಕಾರ, ದೇಶದ ಬಳಕೆಗಾಗಿ ಖಾಸಗಿ ಕಂಪೆನಿಗಳು ಅದನ್ನು ತಯಾರಿಸುವುದನ್ನು ನಿಷೇಧಿಸಿ ಬೆಂಗಳೂರಿನ ಸರಕಾರಿ ಔಷಧ ಸಂಸ್ಥೆಗೆ ಮಾತ್ರ ಅವಕಾಶ ಕೊಟ್ಟಿತ್ತು. ಅದೇ ಡಿಸೆಂಬರ್‌ನಲ್ಲಿ ದಿಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಎಲ್ಲಿಂದಲೋ ತರಿಸಿ ಸ್ವತಃ ಪ್ರಯೋಗಿಸಲು ಹೊರಟರೆ ಗರ್ಭಿಣಿಯರಿಗಂತೂ ಅಪಾಯ ಖಂಡಿತ. ಪ್ರಮಾಣ ಹೆಚ್ಚಾದರೆ ದೇಹದಲ್ಲಿ ನೀರು ನಿಂತು ರಕ್ತದ ಸೋಡಿಯಂ ಕುಸಿಯಬಹುದು.

ಸದ್ಯಕ್ಕೆ ಮಾಡಬಹುದಾದದ್ದು ಮೂತ್ರರೋಗ ತಜ್ಞರನ್ನು ಕಾಣುವುದು. ಕಾಫಿ, ಚಹಾ, ಲಿಂಬೆ, ಟೊಮೆಟೊ, ಖಾರ ಇವುಗಳಲ್ಲಿ ಯಾವುದು ತನಗೆ ನೋವು ಹೆಚ್ಚಿಸುತ್ತದೆಂದು ಬರೆದಿಟ್ಟುಕೊಳ್ಳಬೇಕು. ನೀರು ಕುಡಿಯದೆ ಮೂತ್ರ ಗಾಢವಾದರೆ ಕೆಲವರಿಗೆ ಉರಿ ಹೆಚ್ಚುತ್ತದೆ. ಅಂಥವರು ಉಪವಾಸದ ಬಗ್ಗೆ ಮೊದಲೇ ವೈದ್ಯರನ್ನು ಕೇಳಲಿ. ರೋಗಿ ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿಗೊಳಿಸಬಹುದೆಂಬ ರಿಯಾಯಿತಿ ಅಲ್ಲಾಹನೇ ಕೊಟ್ಟದ್ದು (ಅಲ್‌ಬಕರ: 185).

ಆ ತಾಯಿ ಈಗ ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದಾರೆ. ಕಳೆದ ವಾರ ತಜ್ಞರ ಬಳಿ ಹೋಗುವಾಗ ಜೊತೆಗೆ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದರಂತೆ.